ಡೊನೇಶನ್ ದಾನವಲ್ಲ: ಖಾಸಗಿ ವಿಶ್ವವಿದ್ಯಾಲಯದ ಜಮಾಖರ್ಚು

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ಜೈನಾಚಾರದಲ್ಲಿ ದಾನವು ನಾಲ್ಕು ವಿಧ. ಇವುಗಳಲ್ಲಿ ಶಾಸ್ತ್ರದಾನವನ್ನು ಇಂದಿನ ಶ್ರಾವಕ ಸಮಾಜವು ವಿದ್ಯಾದಾನವೆಂದು ವಿಸ್ತರಿಸಿಕೊಂಡಿದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ನಾಡು ಇದು. ಅದೇ ನಾಡಿನ ಆಡುಮಾತಿನಲ್ಲಿ ಕಳೆದ ಕೆಲವು ದಶಕಗಳಿಂದ ‘ಡೊನೇಶನ್’ ಎಂಬ ಶಬ್ದಕ್ಕೆ ಬೇರೊಂದು ಅರ್ಥ ಬಂದಿದೆ. ಕಾಲೇಜಿನ ಸೀಟಿಗಾಗಿ ಶುಲ್ಕದ ಹೊರಗೆ, ಅನೇಕ ವೇಳೆ ರಸೀದಿಯೂ ಇಲ್ಲದೆ, ತೆರುವ ಹಣವೇ ಡೊನೇಶನ್. ಈ ಅರ್ಥಪಲ್ಲಟವನ್ನು ಸಮಾಜವು ನಗುತ್ತ ಒಪ್ಪಿಕೊಂಡುಬಿಟ್ಟಿರುವುದು ಆಶ್ಚರ್ಯದ ಸಂಗತಿ.

ದಾನದ ವಿಶೇಷತೆಯು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕನ್ನು ಅವಲಂಬಿಸಿದೆಯೆಂದು ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ತಿಳಿಸಿದ್ದಾರೆ. ಡೊನೇಶನ್ನನ್ನು ಈ ನಾಲ್ಕರಿಂದ ಪರೀಕ್ಷಿಸಬಹುದು. ವಿಧಿಯು ಗುಪ್ತವಾದುದು, ದ್ರವ್ಯವು ಲೆಕ್ಕಕ್ಕೆ ಸಿಗದುದು, ದಾತೃವಿಗೆ ಕೊಡುವ ಮನಸ್ಸಿಲ್ಲ, ಬೇರೆ ದಾರಿಯಿಲ್ಲ, ಪಾತ್ರನಿಗೆ ಪಡೆಯುವ ಹಸಿವಿದೆ, ಯೋಗ್ಯತೆಯಿಲ್ಲ. ನಾಲ್ಕರಲ್ಲಿ ಒಂದೂ ಹೊಂದುವುದಿಲ್ಲ. ಹಾಗಾದರೆ ಅದು ವ್ಯಾಪಾರವೇ? ವ್ಯಾಪಾರವೆಂದರೂ ಅದಕ್ಕೊಂದು ನೀತಿಯುಂಟು. ತೂಕ ಸರಿಯಿರಬೇಕು, ಸರಕು ಹೇಳಿದಂತೆ ಇರಬೇಕು, ಬರಹ ಇರಬೇಕು. ಖಾಸಗಿ ವಿಶ್ವವಿದ್ಯಾಲಯಗಳ ವಿಮರ್ಶೆಯನ್ನು ಈ ಎರಡು ನೆಲೆಗಳಲ್ಲಿ ಮಾಡಬೇಕಾಗುತ್ತದೆ. ಅವು ದಾನದ ಸಂಸ್ಥೆಗಳೆಂದು ಹೇಳಿಕೊಳ್ಳುವಾಗ ದಾನದ ಅಳತೆಗೋಲು, ಬೆಲೆ ಕೇಳುವಾಗ ವ್ಯಾಪಾರದ ಅಳತೆಗೋಲು. ಈಗಿನ ದೋಷವೆಂದರೆ ಸಂಸ್ಥೆಗಳು ದಾನಿಗಳಿಂದ ಪಡೆಯುವಾಗ ಧರ್ಮದ ಮಾತನ್ನಾಡಿ, ವಿದ್ಯಾರ್ಥಿಗಳಿಂದ ಪಡೆಯುವಾಗ ಪೇಟೆಯ ದರವನ್ನು ಹೇಳುತ್ತವೆ. ತಾಯಿತಂದೆಯರೋ, ಪೇಟೆಯ ದರವನ್ನು ತೆತ್ತು, ಲೆಕ್ಕವನ್ನು ಮಾತ್ರ ಕೇಳದೆ ಭಕ್ತಿಯಿಂದ ಕೈಮುಗಿದು ಬರುತ್ತಾರೆ.

ಕಾನೂನು ನಡೆದುಬಂದ ದಾರಿ

ಕರ್ನಾಟಕಕ್ಕೆ ಈ ಪ್ರಶ್ನೆ ಹೊಸದಲ್ಲ. 1953ರಲ್ಲಿ ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈ ಅವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಾಗ, ಸರ್ಕಾರದ ಹಣವಿಲ್ಲದೆ ಖಾಸಗಿಯವರೂ ಉನ್ನತ ಶಿಕ್ಷಣವನ್ನು ನಡೆಸಬಲ್ಲರೆಂಬುದು ಸಿದ್ಧವಾಯಿತು. ಬಂಜರು ಗುಡ್ಡದ ಮೇಲೊಂದು ವಿದ್ಯಾನಗರ ಎದ್ದಿತು. ಸರ್ಕಾರಿ ಸೀಟುಗಳು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಸಾವಿರಾರು ಮಂದಿ ವೈದ್ಯರೂ ಇಂಜಿನಿಯರುಗಳೂ ಇಂಥ ಸಂಸ್ಥೆಗಳಿಂದ ಹೊರಬಂದರು. ಈ ಉಪಕಾರವನ್ನು ಮರೆತು ಮಾಡುವ ವಿಮರ್ಶೆ ಏಕಾಂತವಾದವೇ ಆದೀತು.

ಆದರೆ ಆ ದಾರಿಯಲ್ಲಿ ಬಂದವರೆಲ್ಲರೂ ಅದೇ ಧ್ಯೇಯದವರಾಗಿರಲಿಲ್ಲ. 1984ರಲ್ಲಿ ಕರ್ನಾಟಕ ವಿಧಾನಮಂಡಲವೇ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯಿದೆ ಮಾಡಬೇಕಾಯಿತು. 1989ರ ಜೂನ್ ತಿಂಗಳ ಸರ್ಕಾರಿ ಅಧಿಸೂಚನೆಯ ಪ್ರಕಾರ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ ರೂ. 2,000, ಕರ್ನಾಟಕದ ಇತರ ವಿದ್ಯಾರ್ಥಿಗೆ ರೂ. 25,000, ಹೊರರಾಜ್ಯದವರಿಗೆ ರೂ. 60,000 ಮೀರದಂತೆ ಶುಲ್ಕವಿತ್ತು. ಒಂದೇ ತರಗತಿ, ಒಂದೇ ಪಾಠ, ಮೂರು ಬೆಲೆ. ಉತ್ತರ ಪ್ರದೇಶದ ಮೀರಠ್‌ನ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿಗೆ ತುಮಕೂರಿನ ಖಾಸಗಿ ಕಾಲೇಜೊಂದು ಮೊದಲ ವರ್ಷಕ್ಕೆ ರೂ. 60,000 ಮತ್ತು ಉಳಿದ ವರ್ಷಗಳಿಗೆ ಬ್ಯಾಂಕ್ ಗ್ಯಾರಂಟಿ ಕೇಳಿತು. ಆಕೆ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದ ಪರಿಣಾಮವಾಗಿ 1992ರ ಜುಲೈ 30ರಂದು, ಯಾವ ಹೆಸರಿನಿಂದ ಕರೆದರೂ ಕ್ಯಾಪಿಟೇಶನ್ ಶುಲ್ಕವು ಒಪ್ಪತಕ್ಕುದಲ್ಲವೆಂಬ ತೀರ್ಪು ಬಂದಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದ ತೀರ್ಪು, 1994ರಲ್ಲಿ ಕರ್ನಾಟಕದ ಸಿ.ಇ.ಟಿ. ಪದ್ಧತಿ ಬಂದವು. 2002ರಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠವು ಟಿ.ಎಂ.ಎ. ಪೈ ಫೌಂಡೇಶನ್ ಪ್ರಕರಣದಲ್ಲಿ, ಸಂಸ್ಥೆಯ ಬೆಳವಣಿಗೆಗೆ ತಕ್ಕಷ್ಟು ಮಿಗತೆ ಇರಬಹುದು, ಆದರೆ ಲಾಭಕೋರತನ ಇರಕೂಡದೆಂದಿತು. 2005ರ ಇನಾಮದಾರ್ ತೀರ್ಪೂ ಅದನ್ನೇ ದೃಢಪಡಿಸಿತು.

ಅದೇ 2005ರ ಫೆಬ್ರವರಿಯಲ್ಲಿ ಬಂದ ಇನ್ನೊಂದು ತೀರ್ಪು ತಾಯಿತಂದೆಯರಿಗೆ ಹೆಚ್ಚಿನ ಪಾಠವಾಗಬೇಕು. ಛತ್ತೀಸಗಢವು 2002ರ ತನ್ನ ಕಾಯಿದೆಯಡಿ ಅಲ್ಪಕಾಲದಲ್ಲಿ ನೂರಕ್ಕೂ ಹೆಚ್ಚು ಖಾಸಗಿ ವಿಶ್ವವಿದ್ಯಾಲಯಗಳಿಗೆ ಅನುಮತಿ ಕೊಟ್ಟಿತ್ತು. ಅನೇಕವಕ್ಕೆ ಕಟ್ಟಡವಿಲ್ಲ, ಅಧ್ಯಾಪಕರಿಲ್ಲ. ಫಲಕ ಮಾತ್ರ ಉಂಟು. ಪ್ರೊ. ಯಶಪಾಲರು ಹೂಡಿದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅವುಗಳ ಸ್ಥಾಪನೆಯನ್ನೇ ರದ್ದುಪಡಿಸಿತು. ‘ವಿಶ್ವವಿದ್ಯಾಲಯ’ ಎಂಬ ಫಲಕವೇ ಗುಣದ ಪ್ರಮಾಣವಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಕರ್ನಾಟಕದಲ್ಲಿ 2010ರಿಂದ ಪ್ರತ್ಯೇಕ ಕಾಯಿದೆಗಳ ಮೂಲಕ ಖಾಸಗಿ ವಿಶ್ವವಿದ್ಯಾಲಯಗಳು ಸ್ಥಾಪನೆಯಾಗುತ್ತ ಬಂದಿವೆ. ಕಾಲೇಜಿಗೂ ವಿಶ್ವವಿದ್ಯಾಲಯಕ್ಕೂ ಒಂದು ಮುಖ್ಯ ವ್ಯತ್ಯಾಸವುಂಟು. ಕಾಲೇಜಿನಲ್ಲಿ ಪಾಠ ಹೇಳುವವರು ಒಬ್ಬರು, ಪರೀಕ್ಷಿಸಿ ಪದವಿ ಕೊಡುವವರು ಇನ್ನೊಬ್ಬರು. ಖಾಸಗಿ ವಿಶ್ವವಿದ್ಯಾಲಯದಲ್ಲಿ ಪಾಠ, ಪರೀಕ್ಷೆ, ಪದವಿ, ಶುಲ್ಕ ನಾಲ್ಕೂ ಒಂದೇ ಕೈಯಲ್ಲಿ. ಸರಕನ್ನು ಮಾರುವವನೇ ತಕ್ಕಡಿಯನ್ನೂ ಮುದ್ರೆ ಹಾಕಿಕೊಳ್ಳುವಂತಹ ಸ್ಥಿತಿಯಿದು. ಆದುದರಿಂದ ಕೊಳ್ಳುವವನ ಎಚ್ಚರ ಇಮ್ಮಡಿಯಾಗಬೇಕು.

ಬೆಲೆ ಎಷ್ಟು?

ಪ್ರಾಸ್ಪೆಕ್ಟಸ್‌ನಲ್ಲಿ ಅಚ್ಚಾಗುವುದು ಒಂದು ವರ್ಷದ ಬೋಧನಾ ಶುಲ್ಕ. ಅದು ಬೆಲೆಯಲ್ಲ, ಬೆಲೆಯ ಒಂದು ಭಾಗ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಬಡ್ಡಿಯ ಲೆಕ್ಕಗಳನ್ನು ವಿಸ್ತಾರವಾಗಿ ಕಲಿಸಿದ್ದಾರೆ. ಅಂಗಡಿಯ ಸರಕಿಗೆ ಬಡ್ಡಿ, ಸಾಗಣೆ, ಸವಕಳಿ ಎಲ್ಲವನ್ನೂ ಸೇರಿಸಿ ಅಸಲು ತೆಗೆಯುವ ವರ್ತಕ ಸಮಾಜವು ಮಗನ ಅಥವಾ ಮಗಳ ಸೀಟಿನ ವಿಷಯದಲ್ಲಿ ಆ ವಿದ್ಯೆಯನ್ನು ಮರೆಯುತ್ತದೆ.

ಒಂದು ಲೆಕ್ಕವನ್ನು ಉದಾಹರಣೆಗಾಗಿ ಮಾತ್ರ ಹಾಕಿ ನೋಡಬಹುದು. ನಾಲ್ಕು ವರ್ಷದ ಇಂಜಿನಿಯರಿಂಗ್ ಪದವಿ. ವರ್ಷಕ್ಕೆ ಬೋಧನಾ ಶುಲ್ಕ ರೂ. 3,50,000, ವಸತಿ ಮತ್ತು ಊಟ ರೂ. 1,50,000, ಪುಸ್ತಕ, ಕಂಪ್ಯೂಟರ್, ಪ್ರಯಾಣ ರೂ. 50,000. ನಾಲ್ಕು ವರ್ಷಕ್ಕೆ ರೂ. 22 ಲಕ್ಷ. ಕುಟುಂಬದ ಕೈಯಲ್ಲಿ ರೂ. 6 ಲಕ್ಷವಿದೆ, ಉಳಿದ ರೂ. 16 ಲಕ್ಷವನ್ನು ವರ್ಷಕ್ಕೆ ರೂ. 4 ಲಕ್ಷದಂತೆ ಬ್ಯಾಂಕಿನಿಂದ ಶೇ. 10ರ ಬಡ್ಡಿಗೆ ಪಡೆಯುತ್ತಾರೆ. ಓದು ಮುಗಿದು ಒಂದು ವರ್ಷದ ತನಕ ಕಂತು ಇಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ. ಮೊದಲ ಕಂತಿಗೆ ಐದು ವರ್ಷ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು ವರ್ಷದ ಸರಳ ಬಡ್ಡಿ ಸೇರಿ ರೂ. 5,60,000 ಆಗುತ್ತದೆ. ಮರುಪಾವತಿ ಆರಂಭವಾಗುವ ದಿನ ಸಾಲ ರೂ. 21,60,000. ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳ ಕಂತು ಸುಮಾರು ರೂ. 28,500. ಒಟ್ಟು ತೆರುವುದು ಸುಮಾರು ರೂ. 34 ಲಕ್ಷ. ಕೈಯಿಂದ ಹಾಕಿದ 6 ಲಕ್ಷವನ್ನೂ ಸೇರಿಸಿದರೆ ಪ್ರಾಸ್ಪೆಕ್ಟಸ್‌ನ ಮೂರೂವರೆ ಲಕ್ಷದ ಸಂಖ್ಯೆಯು ಮನೆಯ ಖಾತೆಯಲ್ಲಿ ರೂ. 40 ಲಕ್ಷವಾಗಿ ನಿಲ್ಲುತ್ತದೆ.

ಇದೇ ವಿದ್ಯಾರ್ಥಿಗೆ ಸರ್ಕಾರಿ ಅಥವಾ ಅನುದಾನಿತ ಕಾಲೇಜಿನಲ್ಲಿ ವಸತಿ ಸಹಿತ ವರ್ಷಕ್ಕೆ ರೂ. 1,50,000 ಖರ್ಚೆಂದು ಹಿಡಿದರೆ, ನಾಲ್ಕು ವರ್ಷಕ್ಕೆ ರೂ. 6 ಲಕ್ಷದಲ್ಲಿ, ಸಾಲವಿಲ್ಲದೆ, ಪದವಿ ಮುಗಿಯುತ್ತದೆ. ಆದುದರಿಂದ ಖಾಸಗಿ ವಿಶ್ವವಿದ್ಯಾಲಯದ ನಿಜವಾದ ಪ್ರಶ್ನೆ ‘ಪದವಿ ಪಡೆದವನಿಗೆ ಎಷ್ಟು ಸಂಬಳ?’ ಎಂಬುದಲ್ಲ. ‘ಅಲ್ಲಿ ಓದಿದ್ದರಿಂದ, ಇಲ್ಲಿ ಓದಿದ್ದರೆ ಬರುತ್ತಿದ್ದುದಕ್ಕಿಂತ ಎಷ್ಟು ಹೆಚ್ಚು?’ ಎಂಬುದು. ಈ ಉದಾಹರಣೆಯಲ್ಲಿ ಹತ್ತು ವರ್ಷ ಕಾಲ ಪ್ರತಿ ತಿಂಗಳೂ ರೂ. 28,500 ಹೆಚ್ಚು ಬಂದರೆ ಜಮಾ ಮತ್ತು ಖರ್ಚು ಸರಿಸಮ; ಅದರ ಮೇಲೆ ಬಂದುದು ಮಾತ್ರ ಲಾಭ. ವರ್ಷಕ್ಕೆ ರೂ. 5 ಲಕ್ಷದ ಕೆಲಸ ಸಿಕ್ಕಿದರೆ ತಿಂಗಳ ಸಂಬಳ ರೂ. 41,667, ಕಂತು ಕಳೆದು ಉಳಿಯುವುದು ಹದಿಮೂರು ಸಾವಿರ ಚಿಲ್ಲರೆ. ಭವಿಷ್ಯನಿಧಿಯ ಕಡಿತ, ಬೆಂಗಳೂರಿನ ಬಾಡಿಗೆ, ಊಟ ಇನ್ನೂ ಬಾಕಿ. ಬುದ್ಧಿವಂತನಾದ ವಿದ್ಯಾರ್ಥಿಗೆ ಎಲ್ಲಿ ಓದಿದರೂ ಬರಬಹುದಾಗಿದ್ದ ಸಂಬಳವನ್ನು ವಿಶ್ವವಿದ್ಯಾಲಯವು ತನ್ನ ಜಮಾ ಕಲಮಿಗೆ ಬರೆದುಕೊಳ್ಳುವುದು ಲೆಕ್ಕಶಾಸ್ತ್ರಕ್ಕೆ ಒಪ್ಪುವ ಮಾತಲ್ಲ.

ತೂಕ ಸರಿಯಿದೆಯೇ?

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನ ಒಂದು. ಕೊಡುವಾಗ ಕಿರಿದಾದ, ಕೊಳ್ಳುವಾಗ ಹಿರಿದಾದ ಅಳತೆಯನ್ನು ಬಳಸುವುದು. ಪ್ಲೇಸ್‌ಮೆಂಟ್ ಜಾಹೀರಾತುಗಳನ್ನು ಓದುವಾಗ ಈ ಅತಿಚಾರ ನೆನಪಿಗೆ ಬರದೆ ಇರದು. ಹತ್ತು ವಿದ್ಯಾರ್ಥಿಗಳಲ್ಲಿ ಒಬ್ಬನಿಗೆ ರೂ. 40 ಲಕ್ಷ, ಒಂಬತ್ತು ಮಂದಿಗೆ ತಲಾ ರೂ. 4 ಲಕ್ಷ ಸಂಬಳ ದೊರೆತರೆ ಸರಾಸರಿ ರೂ. 7,60,000. ಸರಾಸರಿಯ ಮೊತ್ತವನ್ನು ಆ ಹತ್ತು ಮಂದಿಯಲ್ಲಿ ಒಬ್ಬನೂ ಪಡೆದಿಲ್ಲ! ಸಾಲಾಗಿ ನಿಲ್ಲಿಸಿ ನಡುವಿನವನನ್ನು ನೋಡುವ ಮಧ್ಯಾಂಕವೇ ಇಲ್ಲಿ ಸರಿಯಾದ ಅಳತೆ, ಅದು ರೂ. 4 ಲಕ್ಷ. ಹಾಗೆಯೇ ನೂರು ಮಂದಿ ಓದಿ, ಅರುವತ್ತು ಮಂದಿಯನ್ನು ಮಾತ್ರ ‘ಅರ್ಹರು’ ಎಂದು ಹೆಸರು ಬರೆದುಕೊಂಡು, ನಲವತ್ತೆಂಟು ಮಂದಿಗೆ ಕೆಲಸ ಸಿಕ್ಕಿದರೆ ಫಲಕದ ಮೇಲೆ ‘ಶೇ. 80’ ಎಂದು ಬರೆಯಬಹುದು. ಶುಲ್ಕ ಕೊಟ್ಟವರ ಲೆಕ್ಕದಲ್ಲಿ ಅದು ಶೇ. 48. ಸುಳ್ಳೆಂದು ತೋರಿಸಲಾಗದ ಇಂಥ ಸತ್ಯವು ಸತ್ಯಾಣುವ್ರತಕ್ಕೆ ಎಷ್ಟು ಹೊಂದುತ್ತದೆಂಬುದನ್ನು ವಿವೇಕಿಗಳೇ ನಿರ್ಣಯಿಸಬಹುದು.

ಇನ್ನೊಂದು ಅತಿಚಾರ ಪ್ರತಿರೂಪಕ ವ್ಯವಹಾರ. ಒಳ್ಳೆಯ ಸರಕನ್ನು ತೋರಿಸಿ ಬೇರೊಂದನ್ನು ಕೊಡುವುದು. ಪ್ರಾಸ್ಪೆಕ್ಟಸ್‌ನ ಬಣ್ಣದ ಪುಟಗಳಲ್ಲಿ ಈಜುಕೊಳ, ಗಾಜಿನ ಗೋಡೆ, ಹುಲ್ಲುಹಾಸು ಕಾಣುತ್ತವೆ. ಪಾಠ ಹೇಳುವ ಅಧ್ಯಾಪಕರು ಖಾಯಂ ನೇಮಕದವರೇ, ಗಂಟೆಯ ಲೆಕ್ಕದವರೇ, ಎಷ್ಟು ವರ್ಷಗಳಿಂದ ಇದ್ದಾರೆ ಎಂಬುದು ಕಾಣುವುದಿಲ್ಲ. ವಿದ್ಯೆಯ ಸರಕು ಅಧ್ಯಾಪಕನೇ ಹೊರತು ಕಟ್ಟಡವಲ್ಲ.

ಆದರೆ ಅಳತೆ ಸಿಗುವುದೇ ಇಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ಕೇಂದ್ರ ಸರ್ಕಾರದ ಎನ್.ಐ.ಆರ್.ಎಫ್. ಶ್ರೇಯಾಂಕ ಪದ್ಧತಿಯಲ್ಲಿ, 2016ರಲ್ಲಿ ಮೊದಲ ಪಟ್ಟಿ ಬಂದಂದಿನಿಂದ, ಭಾಗವಹಿಸುವ ಸಂಸ್ಥೆಗಳು ಒಪ್ಪಿಸಬೇಕಾದ ವಿವರಗಳಲ್ಲಿ ಬಹಳ ಉಪಯುಕ್ತವಾದುವು ಉಂಟು. ಎಷ್ಟು ಮಂದಿ ಸೇರಿದರು, ನಿಗದಿತ ಅವಧಿಯಲ್ಲಿ ಎಷ್ಟು ಮಂದಿ ತೇರ್ಗಡೆಯಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಅವರ ಸಂಬಳದ ಮಧ್ಯಾಂಕವೇನು, ಎಷ್ಟು ಮಂದಿ ಮುಂದೆ ಓದಿದರು ಎಂಬುದು ಅಲ್ಲಿರುತ್ತದೆ. ಗ್ರಂಥಾಲಯ, ಪ್ರಯೋಗಶಾಲೆ, ಸಂಬಳ ಇವುಗಳ ಮೇಲೆ ಮಾಡಿದ ಖರ್ಚೂ ಇರುತ್ತದೆ. ಈ ಸಂಖ್ಯೆಗಳನ್ನು ಒಪ್ಪಿಸುವುದು ಸಂಸ್ಥೆಯೇ ಆದುದರಿಂದ ಇವು ಕೊನೆಯ ಪ್ರಮಾಣವಲ್ಲ. ಆದರೂ ಬಣ್ಣದ ಪುಟಕ್ಕಿಂತ ಮೇಲು. ಶ್ರೇಯಾಂಕದ ಸ್ಥಾನವನ್ನು ಮಾತ್ರ ನೋಡದೆ ಅದರ ಹಿಂದಿನ ಕೋಷ್ಟಕವನ್ನು ಓದುವುದು ಒಂದು ಸಂಜೆಯ ಕೆಲಸ. ನಲವತ್ತು ಲಕ್ಷದ ವ್ಯವಹಾರಕ್ಕೆ ಒಂದು ಸಂಜೆ ಹೆಚ್ಚಲ್ಲ.

ಸೇರಿದ ಮೇಲೆ ಬಿಡುವ ಸಂದರ್ಭವನ್ನೂ ಮೊದಲೇ ಯೋಚಿಸಿರಬೇಕು. 2018ರ ಅಕ್ಟೋಬರಿನಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಹೊರಡಿಸಿದ ಸೂಚನೆಯಂತೆ, ಪ್ರವೇಶದ ಕೊನೆಯ ದಿನಾಂಕಕ್ಕೆ ಹದಿನೈದು ದಿನ ಮುಂಚೆ ಬಿಟ್ಟರೆ ಅಲ್ಪ ಕಡಿತದೊಂದಿಗೆ ಪೂರ್ಣ ಶುಲ್ಕ, ಅನಂತರ ಕ್ರಮವಾಗಿ ಶೇ. 90, 80, 50 ಮರಳಿ ಸಿಗಬೇಕು. ಕೊನೆಯ ದಿನಾಂಕ ಕಳೆದು ಮೂವತ್ತು ದಿನ ಮೀರಿದರೆ ಏನೂ ಇಲ್ಲ. ಆ ಬಳಿಕ ಕೆಲವು ವರ್ಷಗಳಲ್ಲಿ ಆಯೋಗವು ದಿನಾಂಕಗಳನ್ನು ಸಡಿಲಿಸಿದ್ದೂ ಉಂಟು. ವಿದ್ಯಾರ್ಥಿಯ ಮೂಲ ಅಂಕಪಟ್ಟಿಗಳನ್ನು ಒತ್ತೆಯಂತೆ ಇಟ್ಟುಕೊಳ್ಳಕೂಡದೆಂದೂ ಅದೇ ಸೂಚನೆ ಹೇಳುತ್ತದೆ. ಈ ನಿಯಮಗಳ ನೆರವು ರಸೀದಿ ಇರುವ ಹಣಕ್ಕೆ ಮಾತ್ರ. ರಸೀದಿಯಿಲ್ಲದ ಡೊನೇಶನ್ನಿಗೆ ಯಾವ ಆಯೋಗವೂ ಇಲ್ಲ, ಯಾವ ನ್ಯಾಯಾಲಯವೂ ಇಲ್ಲ. ರಾಜ್ಯದ ಕಾಯಿದೆಯನ್ನು ಮೀರಿ ಪಡೆಯುವುದನ್ನು ವಿರುದ್ಧರಾಜ್ಯಾತಿಕ್ರಮವೆಂದು ಶಾಸ್ತ್ರವು ಅಚೌರ್ಯವ್ರತದ ಅತಿಚಾರದಲ್ಲಿಯೇ ಎಣಿಸಿದೆ. ಪಡೆದವನಿಗೆ ಮಾತ್ರವಲ್ಲ, ಕೊಟ್ಟು ಪೋಷಿಸಿದವನಿಗೂ ಅದರಲ್ಲಿ ಪಾಲುಂಟು.

ಟ್ರಸ್ಟುಗಳ ಹೊಣೆ

2014ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಜೈನರನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸಮುದಾಯವೆಂದು ಘೋಷಿಸಿದ ಬಳಿಕ, ಸಂವಿಧಾನದ 30ನೆಯ ವಿಧಿಯ ಆಶ್ರಯದಲ್ಲಿ ಶಿಕ್ಷಣ ಸಂಸ್ಥೆಗಳನ್ನು ನಡೆಸುವ ಉತ್ಸಾಹ ಅನೇಕ ಟ್ರಸ್ಟುಗಳಲ್ಲಿ ಹೆಚ್ಚಿದೆ. ಹಕ್ಕು ದೊರೆತುದು ಸಂತೋಷದ ವಿಷಯ. ಆದರೆ ಆ ಹಕ್ಕಿನ ಉದ್ದೇಶ ಸಮುದಾಯದ ಸಂಸ್ಕೃತಿಯ ಮತ್ತು ವಿದ್ಯೆಯ ರಕ್ಷಣೆ. ಮೀಸಲಾತಿಯ ಹೊಣೆಯಿಂದ ತಪ್ಪಿಸಿಕೊಂಡು ಹೆಚ್ಚಿನ ಬೆಲೆಗೆ ಸೀಟು ಮಾರುವುದಲ್ಲ. ತೆರಿಗೆ ವಿನಾಯಿತಿಯ ವಿಷಯದಲ್ಲಿಯೂ ಸರ್ವೋಚ್ಚ ನ್ಯಾಯಾಲಯವು 2022ರ ಅಕ್ಟೋಬರಿನಲ್ಲಿ, ಸಂಸ್ಥೆಯು ಕೇವಲ ಶಿಕ್ಷಣಕ್ಕಾಗಿಯೇ ಇರಬೇಕೆಂದು ಬಿಗಿಯಾಗಿ ಹೇಳಿದೆ.

ಬಸದಿಯ ದ್ರವ್ಯ ಬೇರೆ, ವಿದ್ಯಾನಿಧಿ ಬೇರೆ. ಪೂಜೆಗೆಂದು ಬಂದ ಹಣವನ್ನು ಕಟ್ಟಡಕ್ಕೆ ತಿರುಗಿಸುವಂತಿಲ್ಲ. ವಿದ್ಯೆಗೆಂದು ಬಂದ ಹಣವೂ ಟ್ರಸ್ಟಿಗಳ ಬಂಧುಗಳ ಗುತ್ತಿಗೆ, ಬಾಡಿಗೆ, ಸರಬರಾಜಿನ ದಾರಿಯಿಂದ ಮನೆಗೆ ಮರಳಿ ಬರುವಂತಿಲ್ಲ. ‘ಲಾಭವಿಲ್ಲದ ಸಂಸ್ಥೆ’ ಎಂಬ ಫಲಕದ ಹಿಂದೆ ಲಾಭವು ಹೊರಹೋಗುವುದು ಸಾಮಾನ್ಯವಾಗಿ ಈ ಬಾಗಿಲುಗಳಿಂದಲೇ. ನ್ಯಾಯದಿಂದ ಸಂಪಾದಿಸಿದ ಧನವುಳ್ಳವನಾಗಿರುವುದನ್ನು ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳಲ್ಲಿ ಮೊದಲು ಎಣಿಸಿದ್ದಾರೆ. ಟ್ರಸ್ಟಿಗೂ ಅದೇ ಮೊದಲ ಗುಣ.

ಖಾಸಗಿ ಎಂದ ಮಾತ್ರಕ್ಕೆ ದುಬಾರಿಯಾಗಲೇಬೇಕೆಂಬ ನಿಯಮವಿಲ್ಲ. 2010ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ದತ್ತಿಯ ಬಲದಿಂದ, ಕುಟುಂಬದ ಆದಾಯವನ್ನು ನೋಡಿ ಶುಲ್ಕದಲ್ಲಿ ವಿನಾಯಿತಿ ಕೊಡುತ್ತದೆ. ಸಂಬಳದಿಂದ ಅಳೆಯಲಾಗದ ಫಲವೂ ಉಂಟು. ರಾಜಸ್ಥಾನದ ಲಾಡನೂನ್‌ನಲ್ಲಿ 1991ರಲ್ಲಿ ವಿಶ್ವವಿದ್ಯಾಲಯವೆಂದು ಪರಿಗಣಿತವಾದ ಜೈನ ವಿಶ್ವಭಾರತಿ ಸಂಸ್ಥಾನ, ಶ್ರವಣಬೆಳಗೊಳದ ರಾಷ್ಟ್ರೀಯ ಪ್ರಾಕೃತ ಅಧ್ಯಯನ ಮತ್ತು ಸಂಶೋಧನ ಸಂಸ್ಥೆ ಮೊದಲಾದುವು ನಡೆಸುವ ಪ್ರಾಕೃತ, ಆಗಮ, ಹಸ್ತಪ್ರತಿಗಳ ಅಧ್ಯಯನಕ್ಕೆ ಯಾವ ಕಂಪನಿಯೂ ಪ್ಯಾಕೇಜ್ ಕೊಡದು. 2024ರ ಅಕ್ಟೋಬರಿನಲ್ಲಿ ಪ್ರಾಕೃತಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆಯಿತು. ಅದನ್ನು ಓದಬಲ್ಲ ಯುವಕರನ್ನು ತಯಾರಿಸುವವರು ಯಾರು? ಪೇಟೆಯು ಬೆಲೆ ಕೊಡದ ವಿದ್ಯೆಗಾಗಿಯೇ ದಾನಿಯ ಹಣ ಬೇಕಾಗಿರುವುದು. ಪೇಟೆಯು ಬೆಲೆ ಕೊಡುವ ವಿದ್ಯೆಗೆ ಪೇಟೆಯ ಹಣ ತಾನಾಗಿ ಬರುತ್ತದೆ.

ಹಿಂದಿನವರು ನಡೆದ ದಾರಿ ಬೇರೆಯಾಗಿತ್ತು. ದಾನವೀರ ಮಾಣಿಕಚಂದ್ ಹೀರಾಚಂದ್ ಜವೇರಿಯವರು ಮುಂಬಯಿ, ಕೊಲ್ಲಾಪುರ ಮೊದಲಾದೆಡೆ ಜೈನ ಬೋರ್ಡಿಂಗುಗಳಿಗೆ ಹಣ ಕೊಟ್ಟರು. ವಿಶ್ವವಿದ್ಯಾಲಯ ಕಟ್ಟಲಿಲ್ಲ, ಓದುವ ಹುಡುಗನಿಗೆ ಊಟ ಮತ್ತು ಸೂರು ಕೊಟ್ಟರು. ಕುಂಭೋಜದಲ್ಲಿ ಜನಿಸಿದ ಕರ್ಮವೀರ ಭಾವೂರಾವ್ ಪಾಟೀಲರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, ದುಡಿಯುತ್ತ ಕಲಿಯುವ ಪದ್ಧತಿಯನ್ನು ನಡೆಸಿದರು. ವಸತಿಗೃಹದ ಮಕ್ಕಳ ಊಟಕ್ಕಾಗಿ ಅವರ ಪತ್ನಿ ಲಕ್ಷ್ಮೀಬಾಯಿಯವರು ಮಂಗಳಸೂತ್ರ ಸಹಿತ ತಮ್ಮ ಒಡವೆಗಳನ್ನು ಕೊಟ್ಟರು. ದಾತೃವಿನ ವಿಶೇಷವೆಂದರೆ ಇದು.

ಆ ದಾರಿ ಇಂದಿಗೂ ಲೆಕ್ಕಕ್ಕೆ ಹೊಂದುತ್ತದೆ. ಒಂದು ಟ್ರಸ್ಟಿನ ಬಳಿ ರೂ. 1 ಕೋಟಿ ಇದೆಯೆನ್ನೋಣ. ವಿಶ್ವವಿದ್ಯಾಲಯದ ಕಟ್ಟಡಕ್ಕೆ ಕೊಟ್ಟರೆ ಕೆಲವು ಕೋಣೆಗಳೂ ಒಂದು ಅಮೃತಶಿಲೆಯ ಫಲಕವೂ ಆಗುತ್ತವೆ. ಅದೇ ಹಣವನ್ನು ಮೇಲೆ ಹೇಳಿದ ರೂ. 6 ಲಕ್ಷದ ಓದಿಗೆ ಬಡ್ಡಿಯಿಲ್ಲದ ಸಾಲವಾಗಿ ಕೊಟ್ಟರೆ 16 ವಿದ್ಯಾರ್ಥಿಗಳ ಪದವಿ ಮುಗಿಯುತ್ತದೆ. ಕೆಲಸಕ್ಕೆ ಸೇರಿದ ಮೇಲೆ ತಿಂಗಳಿಗೆ ರೂ. 10,000ದಂತೆ 60 ತಿಂಗಳಲ್ಲಿ ಸಾಲ ತೀರುತ್ತದೆ. ಹಣ ಮುಂದಿನ 16 ಮಂದಿಗೆ ಸಿದ್ಧವಾಗುತ್ತದೆ. ಇನ್ನೂ ವಿತರಣೆಯಾಗದ ಹಣಕ್ಕೆ ಬ್ಯಾಂಕಿನಲ್ಲಿ ಬರುವ ಬಡ್ಡಿಯು ಮರಳಿ ಬಾರದ ಸಾಲಗಳಿಗೆ ಆಸರೆ. ಹದಿಮೂರು ಸಾವಿರದಲ್ಲಿ ತಿಂಗಳು ಕಳೆಯಬೇಕಾದ ತರುಣನೂ, ಮೂವತ್ತು ಸಾವಿರ ಕೈಯಲ್ಲಿ ಉಳಿಸಿಕೊಂಡು ತನ್ನ ತಾಯಿತಂದೆಯರನ್ನು ನೋಡಿಕೊಳ್ಳಬಲ್ಲ ತರುಣನೂ ಒಂದೇ ಸಂಬಳದವರು. ನಡುವಿನ ವ್ಯತ್ಯಾಸ ಸಮಾಜವು ತನ್ನ ಕೋಟಿಯನ್ನು ಎಲ್ಲಿ ಇಟ್ಟಿತೆಂಬುದು.

ಇಷ್ಟರಿಂದ ಖಾಸಗಿ ವಿಶ್ವವಿದ್ಯಾಲಯಕ್ಕೆ ಸೇರಬಾರದೆಂದಾಗಲಿ, ಟ್ರಸ್ಟುಗಳು ಅದನ್ನು ಸ್ಥಾಪಿಸಬಾರದೆಂದಾಗಲಿ ಅರ್ಥವಲ್ಲ. ಸೇರುವ ಮೊದಲು ಕುಟುಂಬವು ಪೂರ್ಣ ಬೆಲೆಯನ್ನೂ ಮಧ್ಯಾಂಕವನ್ನೂ ಅಧ್ಯಾಪಕರ ವಿವರವನ್ನೂ ಕೇಳಿ ಪಡೆಯಲಿ. ಸಿಗದಿದ್ದರೆ ಅದೇ ಉತ್ತರವೆಂದು ತಿಳಿಯಲಿ. ಸ್ಥಾಪಿಸುವ ಟ್ರಸ್ಟು ತನ್ನ ಪರಿಶೋಧಿತ ಲೆಕ್ಕಪತ್ರವನ್ನು, ಪ್ರತಿ ತರಗತಿಯ ಫಲಿತಾಂಶವನ್ನು, ಶುಲ್ಕ ವಿನಾಯಿತಿ ಪಡೆದವರ ಸಂಖ್ಯೆಯನ್ನು ವರ್ಷಕ್ಕೊಮ್ಮೆ ಸಮಾಜದ ಮುಂದಿಡಲಿ. ದೀಪಾವಳಿಯಂದು ಮಹಾವೀರ ನಿರ್ವಾಣದ ಪೂಜೆಯ ಬಳಿಕ ಹೊಸ ಲೆಕ್ಕದ ಪುಸ್ತಕವನ್ನು ತೆರೆಯುವ ಸಮಾಜಕ್ಕೆ ಇದು ಕಷ್ಟದ ಕೆಲಸವಲ್ಲ. ಅಂಗಡಿಯ ಖಾತೆಯಲ್ಲಿ ಪಾಲಿಸುವ ನಿಯಮವನ್ನು ವಿದ್ಯೆಯ ಖಾತೆಯಲ್ಲಿಯೂ ಪಾಲಿಸಿದರೆ ಸಾಕು.